ಯಾರೂ ನುಡಿಸದ ಮಟ್ಟು

ಚೈಕೋವ್‌ಸ್ಕಿಯ ಆರನೇ ಸಿಂಫೊನಿಯನ್ನು ಮನೆಯಲ್ಲಿ ಕೇಳುವವರೆಲ್ಲ ಒಂದು ಸಣ್ಣ ಮೋಸ ಮಾಡುತ್ತಾರೆ. ಮೊದಲ ಭಾಗದ ನಡುವೆ ಸದ್ದು ಇಳಿಯುತ್ತ ಇಳಿಯುತ್ತ ಬಸೂನ್ ಎಂಬ ಊದುವಾದ್ಯದ ನಾಲ್ಕೇ ಸ್ವರಗಳಿಗೆ ಬಂದು ನಿಲ್ಲುತ್ತದೆ. ಮೆಲ್ಲಗೆ ನುಡಿಸಿ ಎಂದು ಸೂಚಿಸುವ 'ಪಿ' ಅಕ್ಷರವನ್ನು ಚೈಕೋವ್‌ಸ್ಕಿ ಅಲ್ಲಿ ಆರು ಸಲ ಬರೆದಿದ್ದಾನೆ. ಕೇಳಿಸಲಿಲ್ಲವೆಂದು ನಾವು ವಾಲ್ಯೂಮ್ ಏರಿಸುತ್ತೇವೆ. ಮರುಗಳಿಗೆ ಇಡೀ ವಾದ್ಯವೃಂದ ಮೇಲೆರಗಿದಾಗ ಗಡಬಡಿಸಿ ಇಳಿಸುತ್ತೇವೆ. ಸಭಾಂಗಣದಲ್ಲಿ ಆ ಗುಂಡಿ ನಮ್ಮ ಕೈಯಲ್ಲಿಲ್ಲ. ಉಸಿರು ಬಿಗಿಹಿಡಿದು ಕೂತಿರುವಾಗಲೇ ಏಟು ಬೀಳುತ್ತದೆ. ಬರುತ್ತದೆಂದು ಗೊತ್ತಿದ್ದೂ ನಾನು ಬೆಚ್ಚುತ್ತೇನೆ.

ನಮ್ಮ ಕಛೇರಿಗಳಲ್ಲಿ ಮನಸ್ಸು ತುಂಬಿ ಬಂದರೆ ಹೊರಹೋಗಲು ದಾರಿಗಳುಂಟು: ತೊಡೆಯ ಮೇಲೆ ತಾಳ, ತಲೆದೂಗು, ತಡೆಯದೆ ಬಂದ ಒಂದು 'ಭಲೇ'. ಇಲ್ಲಿ ಕೆಮ್ಮೂ ಅಪರಾಧ. ಕಟ್ಟಿಕೊಂಡದ್ದೆಲ್ಲ ಮೂರನೇ ಭಾಗದ ಕೊನೆಗೆ ಒಡೆಯುತ್ತದೆ. ಸೈನ್ಯದ ನಡೆಯಂಥ ಆ ಓಟ ಅಬ್ಬರದಿಂದ ನಿಂತಾಗ ಕೈಗಳು ತಾವಾಗಿ ಚಪ್ಪಾಳೆ ತಟ್ಟಿಬಿಡುತ್ತವೆ. ಇನ್ನೂ ಒಂದು ಭಾಗ ಬಾಕಿಯಿದೆ ಎಂದು ಬಲ್ಲವರು ಮುಖ ಗಂಟಿಕ್ಕುತ್ತಾರೆ. ನಾನು ಚಪ್ಪಾಳೆಯವರ ಪರ. ಮುಗಿಯಿತೆಂದು ನಂಬಿಸಿದವನು ಚೈಕೋವ್‌ಸ್ಕಿಯೇ. ಆ ಸಂಭ್ರಮ ಆರುವ ಮೊದಲೇ ಕೊನೆಯ ಭಾಗದ ಅಳು ಶುರುವಾಗಬೇಕು.

ಆ ಅಳುವಿನ ಮೊದಲ ಮಟ್ಟನ್ನು ವೇದಿಕೆಯ ಮೇಲೆ ಯಾರೂ ನುಡಿಸುತ್ತಿರುವುದಿಲ್ಲ! ಒಂದು ಸ್ವರ ಮೊದಲ ಪಿಟೀಲುಗಳದ್ದು, ಮುಂದಿನದು ಎರಡನೇ ಪಿಟೀಲುಗಳದ್ದು, ಮತ್ತೆ ಇವರದ್ದು, ಮತ್ತೆ ಅವರದ್ದು. ಯಾವ ಗುಂಪಿನ ಪಾಲನ್ನು ಬಿಡಿಸಿ ಕೇಳಿದರೂ ಬರೀ ತಲೆಬುಡವಿಲ್ಲದ ನೆಗೆತ. ಚೈಕೋವ್‌ಸ್ಕಿಯ ಕಾಲದಲ್ಲಿ ಈ ಎರಡು ಗುಂಪುಗಳು ಎಡಕ್ಕೂ ಬಲಕ್ಕೂ ಎದುರುಬದುರು ಕೂರುವುದು ರೂಢಿ. ಇಂದು ಅನೇಕ ವೃಂದಗಳಲ್ಲಿ ಒಂದೇ ಕಡೆ ಕೂರುತ್ತಾರೆ, ಅದು ನಷ್ಟವೇ. ಹಳೆಯ ಕ್ರಮದಲ್ಲಿ ಕೂತರೆ ಮಟ್ಟು ನಡುವಿನ ಗಾಳಿಯಲ್ಲಿ ಹುಟ್ಟಿ ಕೆಳಗಿಳಿಯುತ್ತದೆ. ಯಾರದ್ದೂ ಅಲ್ಲದ ದುಃಖ ಇಡೀ ಸಭೆಯದ್ದಾಗುತ್ತದೆ. ಮುಂದೆ ಅದೇ ಮಟ್ಟು ಮರಳಿದಾಗ ಪೂರ್ತಿ ಮೊದಲ ಪಿಟೀಲುಗಳಿಗೇ ಸೇರಿದೆ. ಆಗ ಅದಕ್ಕೊಂದು ಒಡೆತನ ಬರುತ್ತದೆ, ನೋವು ಇನ್ನಷ್ಟು ನೇರವಾಗುತ್ತದೆ.

ಕಣ್ಣಿಗೂ ಕೆಲಸವಿದೆ. ಮುಕ್ಕಾಲು ಗಂಟೆಯ ಈ ಕೃತಿಯಲ್ಲಿ ದೊಡ್ಡ ಜಾಗಟೆಗೆ ಇರುವುದು ಒಂದೇ ಪೆಟ್ಟು, ಅದೂ ಕೊನೆಯ ಭಾಗದಲ್ಲಿ, ಮೆಲ್ಲಗೆ. ಹಿಂದಿನ ಸಾಲಿನಲ್ಲಿ ಕೋಲು ಮೇಲೇಳುವುದನ್ನು ಕಂಡ ಕೂಡಲೇ, ಸದ್ದಿಗೂ ಮುಂಚೆ, ಹೊಟ್ಟೆಯೊಳಗೆ ಏನೋ ಕುಸಿಯುತ್ತದೆ.

1893ರ ಅಕ್ಟೋಬರ್ 28ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇದನ್ನು ಮೊದಲ ಸಲ ನುಡಿಸಿದಾಗ ಚೈಕೋವ್‌ಸ್ಕಿಯೇ ನಿರ್ದೇಶಿಸಿದ್ದ. ಒಂಬತ್ತು ದಿನಗಳ ಬಳಿಕ ತೀರಿಕೊಂಡ. ಹಾಗೆಂದು ಇದನ್ನು ಅವನ ಮರಣಪತ್ರವೆಂದು ಓದುವ ಚಾಳಿ ನನಗೆ ಹಿಡಿಸದು. ಈ ಕಥೆ ಗೊತ್ತಿಲ್ಲದವರ ಕಣ್ಣೂ ಒದ್ದೆಯಾಗುತ್ತದೆ.

ಮುಂಬಯಿಯ ಎನ್‌ಸಿಪಿಎ ಕಲಾಕೇಂದ್ರದಲ್ಲಿ 2006ರಿಂದ ಸಿಂಫೊನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ಅವರ ಪಟ್ಟಿಯಲ್ಲಿ ಎಂದಾದರೂ ಈ ಕೃತಿ ಕಂಡರೆ ರೈಲು ಹತ್ತಿ. ಮುಂದಿನ ಸಾಲಿನ ಟಿಕೆಟ್ ಮಾತ್ರ ಬೇಡ, ಅಲ್ಲಿ ಹತ್ತಿರದ ಪಿಟೀಲುಗಳದ್ದೇ ಕಾರುಬಾರು. ಬಾಲ್ಕನಿಯ ನಡುಭಾಗ ಸಿಕ್ಕರೆ ಬಿಡಬೇಡಿ.