ನಾಟಕಶಾಸ್ತ್ರಗ್ರಂಥಗಳೂ ಪ್ರೇಕ್ಷಕನೂ

ನಾಟಕಲಕ್ಷಣವನ್ನು ಹೇಳುವ ಗ್ರಂಥಗಳು ನಾಟಕಗಳಿಗಿಂತ ತಡವಾಗಿ ಹುಟ್ಟುತ್ತವೆ; ಆದರೆ ಹುಟ್ಟಿದ ಮೇಲೆ, ನಾಟಕವನ್ನು ಹೇಗೆ ಓದಬೇಕೆಂಬುದನ್ನು ಅವುಗಳೇ ನಿರ್ಣಯಿಸತೊಡಗುತ್ತವೆ. ಗ್ರೀಸಿನ ಅರಿಸ್ಟಾಟಲನ ‘ಪೊಯೆಟಿಕ್ಸ್’, ಭರತಮುನಿಯ ಹೆಸರಿನಲ್ಲಿ ನಿಂತಿರುವ ‘ನಾಟ್ಯಶಾಸ್ತ್ರ’, ಜಪಾನಿನ ಝೆಯಾಮಿಯ ‘ಫೂಶಿಕಾದೆನ್’—ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವರಿಗೆ ಒಂದು ಪ್ರಶ್ನೆ ಏಳದಿರದು. ನಾಟಕದ ನೆಲೆ ಬರೆದ ಹಾಳೆಯೋ, ನಟನ ದೇಹವೋ, ನೋಡುವವನ ಹೃದಯವೋ?

ಕ್ರಿ. ಪೂ. 4ನೆಯ ಶತಮಾನದ ಅರಿಸ್ಟಾಟಲನು ರುದ್ರನಾಟಕಕ್ಕೆ ಕಥಾವಸ್ತು, ಶೀಲ, ವಿಚಾರ, ಪದರಚನೆ, ಗಾನ, ದೃಶ್ಯ ಎಂಬ ಆರು ಅಂಗಗಳನ್ನು ಹೇಳಿ, ದೃಶ್ಯವನ್ನು ಕವಿಕರ್ಮಕ್ಕೆ ಅತ್ಯಂತ ದೂರವಾದುದೆಂದು ಎಣಿಸಿದನು. ಆಟವಿಲ್ಲದೆಯೂ ನಟರಿಲ್ಲದೆಯೂ ರುದ್ರನಾಟಕದ ಶಕ್ತಿ ಉಳಿಯುವುದೆಂಬುದು ಅವನ ಮತ. ನಾಟಕವನ್ನು ಬರಿಯ ಪಠ್ಯವಾಗಿ ಓದುವ ಅಭ್ಯಾಸಕ್ಕೆ ಈ ಮಾತೇ ಆಧಾರವಾಗಿದೆ.

ನಾಟ್ಯಶಾಸ್ತ್ರದ ದಾರಿ ಬೇರೆ. ರಸದ ವಿಚಾರಕ್ಕೆ ಬರುವ ಮುನ್ನವೇ, ಎರಡನೆಯ ಅಧ್ಯಾಯದಲ್ಲಿ, ಅದು ರಂಗಮಂದಿರವನ್ನು ಅಳೆಯುತ್ತದೆ. ಮನುಷ್ಯರಿಗೆ 64 ಮೊಳ ಉದ್ದ, 32 ಮೊಳ ಅಗಲದ ಮಂದಿರವೇ ತಕ್ಕದ್ದು. ಅದಕ್ಕಿಂತ ದೊಡ್ಡದಾದರೆ ಮಾತು ಸ್ಪಷ್ಟವಾಗಿ ಕೇಳಿಸದು, ಮುಖದ ಭಾವ ಕಾಣಿಸದು. ಮುಂದೆ ಸಿದ್ಧಿಯನ್ನು ವಿಚಾರಿಸುವಾಗ, ಪಾತ್ರದ ಹರ್ಷದಲ್ಲಿ ಹರ್ಷಪಡುವವನೂ ಶೋಕದಲ್ಲಿ ಶೋಕಿಸುವವನೂ ನಿಜವಾದ ಪ್ರೇಕ್ಷಕನೆಂದು ಹೇಳುತ್ತದೆ. ಮೊಳಗೋಲಿನಿಂದ ಹಿಡಿದು ರಸದವರೆಗೆ ಎಲ್ಲವೂ ನೋಡುವವನನ್ನು ಕುರಿತದ್ದೇ.

ಝೆಯಾಮಿ ಸ್ವತಃ ನಟನು. 1400ರ ಸುಮಾರಿನಲ್ಲಿ, ತಂದೆ ಕಾನ್‌ಆಮಿಯ ಉಪದೇಶವನ್ನಾಧರಿಸಿ, ತನ್ನ ವಂಶದವರಿಗಾಗಿ ಮಾತ್ರ ಬರೆಯತೊಡಗಿದ ಈ ಗ್ರಂಥವು 1909ರಲ್ಲಿ ಅಚ್ಚಾಗುವವರೆಗೆ ಗುಟ್ಟಾಗಿಯೇ ಉಳಿದಿತ್ತು. ಸಭೆ ಗದ್ದಲದಲ್ಲಿದ್ದರೆ, ಅದು ಶಾಂತವಾಗಿ ಎಲ್ಲರೂ ನಟನ ಆಗಮನವನ್ನೇ ಎದುರುನೋಡುವ ಕ್ಷಣದವರೆಗೆ ತಡೆಯಬೇಕೆಂದು ಅವನು ಬೋಧಿಸುತ್ತಾನೆ. ಆತನ ಮತದಲ್ಲಿ ನಟನ ಸಿದ್ಧಿಯೆಂದರೆ ‘ಹೂ’. ಯೌವನದ ಹೂ ಬೇಗನೆ ಬಾಡುವುದು, ಸಾಧನೆಯ ಹೂ ಉಳಿಯುವುದು. 1384ರಲ್ಲಿ 52ನೆಯ ವಯಸ್ಸಿನ ಕಾನ್‌ಆಮಿ, ಮರಣಕ್ಕೆ ಕೆಲವೇ ದಿನಗಳ ಮುಂಚೆ ಸುರುಗಾ ಪ್ರಾಂತದ ದೇವಸ್ಥಾನವೊಂದರಲ್ಲಿ ಆಡಿದಾಗ, ಕಷ್ಟವಾದ ಭಾಗಗಳನ್ನು ಕಿರಿಯರಿಗೆ ಬಿಟ್ಟು ಸುಲಭವಾದುವನ್ನು ಮಿತವಾಗಿ ಅಭಿನಯಿಸಿದನು; ಆದರೂ ಸಭೆ ಅವನನ್ನೇ ಕೊಂಡಾಡಿತು. ಇಂತಹ ಸಂಗತಿಯನ್ನು ಪಂಡಿತನು ಊಹಿಸಲಾರನು. ರಂಗದ ಮೇಲೆ ನಿಂತವನೇ ಬರೆಯಬಲ್ಲನು.

ಹಾಗೆಂದು ಅರಿಸ್ಟಾಟಲನನ್ನು ತಳ್ಳಿಹಾಕುವುದು ಅನ್ಯಾಯ. ಕವಿಯು ಬರೆಯುವಾಗ ಸಂಗತಿಗಳನ್ನು ಕಣ್ಣೆದುರಿಗೆ ತಂದುಕೊಳ್ಳಬೇಕೆಂದು ಅವನೇ ಹೇಳಿದ್ದಾನೆ. ಕಾರ್ಕಿನಸನೆಂಬ ಕವಿ ಹಾಗೆ ಮಾಡಲಿಲ್ಲ. ಪಾತ್ರವೊಂದು ದೇಗುಲದಿಂದ ಹೊರಬರುವುದರಲ್ಲಿದ್ದ ಅಸಂಗತಿ ಬರೆದವನಿಗೆ ತಿಳಿಯಲಿಲ್ಲ. ರಂಗದಲ್ಲಿ ಅದನ್ನು ಕಂಡ ಪ್ರೇಕ್ಷಕರು ಸಹಿಸಲಿಲ್ಲ, ನಾಟಕ ಬಿದ್ದುಹೋಯಿತು. ದೃಶ್ಯವನ್ನು ಕೆಳಗಿಟ್ಟ ಶಾಸ್ತ್ರಕಾರನೂ ಕೊನೆಗೆ ಪ್ರೇಕ್ಷಕನ ತೀರ್ಪಿಗೆ ತಲೆಬಾಗಿದ್ದಾನೆ. ಅವನ ಮೊದಲ ಮಾತನ್ನು ಉರುಹಚ್ಚಿ ಎರಡನೆಯದನ್ನು ಮರೆತವರ ದೋಷವನ್ನು ಅವನ ಮೇಲೆ ಹೊರಿಸಲಾಗದು.

ನಾಟಕವನ್ನು ಮನೆಯಲ್ಲಿಯೇ ಓದಿ ಮುಗಿಸುವವರು ಇಂದು ಬಹಳ ಮಂದಿ. ಅವರಿಗೆ ಈ ಮೂರು ಗ್ರಂಥಗಳೂ ಒಕ್ಕೊರಲಿನಿಂದ ಒಂದು ಉಪಕಾರ ಮಾಡುತ್ತವೆ: ಮಾತಿನ ಚೆಲುವಿಗೆ ಮರುಳಾಗುವ ಮುನ್ನ, ಆಡುವವನು ಎಲ್ಲಿ ನಿಂತಿದ್ದಾನೆ, ಸುಮ್ಮನಿರುವವನು ಏನು ಮಾಡುತ್ತಿದ್ದಾನೆ, ಕಡೆಯ ಸಾಲಿನಲ್ಲಿ ಕುಳಿತವನಿಗೆ ಏನು ಕಾಣುತ್ತಿದೆ ಎಂದು ಕೇಳಿಕೊಳ್ಳುವುದನ್ನು ಕಲಿಸುತ್ತವೆ. ಹಾಗೆ ಕೇಳಿಕೊಳ್ಳದ ಓದುಗನು ಕಾರ್ಕಿನಸನ ತಪ್ಪನ್ನೇ ಮಾಡುತ್ತಾನೆ.