ಪ್ರಾವಸ್ಥೆ ತಿಳಿಯದಿದ್ದಾಗ

ಕ್ಷೀಣಿಸುವ ರೇಡಿಯೋ ಸಂಕೇತದ ಹಲವು ಶಾಖೆಗಳನ್ನು ಕೂಡಿಸುವ ವಿಧಾನಗಳನ್ನು ಡಿ.ಜಿ. ಬ್ರೆನನ್ ತಮ್ಮ 1959ರ ಪ್ರಬಂಧದಲ್ಲಿ ಅಚ್ಚುಕಟ್ಟಾಗಿ ಹೋಲಿಸಿದ್ದಾರೆ. ಆದರೆ ಅಲ್ಲಿನ ಗರಿಷ್ಠ-ಅನುಪಾತ ವಿಧಾನಕ್ಕೆ ಪ್ರತಿ ಶಾಖೆಯ ಪ್ರಾವಸ್ಥೆ ತಿಳಿದಿರಬೇಕು. ತಿಳಿಯದಿದ್ದರೆ? ಪಾರಗಳನ್ನು ವರ್ಗಗೊಳಿಸಿ ಕೂಡಿಸಬೇಕು; ಜೊತೆಗೆ ಗದ್ದಲವೂ ಕೂಡಿಕೊಳ್ಳುತ್ತದೆ. ಇದನ್ನು ಮರೆತು ತರಗತಿಯಲ್ಲಿ ‘ಶಾಖೆ ಹೆಚ್ಚಿದಷ್ಟೂ ಒಳಿತು’ ಎಂದು ಬರೆಸುತ್ತೇವೆ (ನಾನೂ ಬರೆಸಿದ್ದೇನೆ).

ಲೆಕ್ಕ ನೋಡಿ. ರೇಲೆ ಕ್ಷೀಣತೆಯಲ್ಲಿ, ಪ್ರಾವಸ್ಥೆ ಬಳಸದ ದ್ವಿಮಾನ ಎಫ್‌ಎಸ್‌ಕೆಗೆ ಸರಾಸರಿ ಸಂಕೇತ-ಗದ್ದಲ ಅನುಪಾತ 100 ಇದ್ದರೆ ದೋಷ 102ರಲ್ಲಿ 1. ಅದೇ ಶಕ್ತಿಯನ್ನು ಸ್ವತಂತ್ರವಾಗಿ ಕ್ಷೀಣಿಸುವ ಎರಡು ಆವೃತ್ತಿಗಳಿಗೆ ಹಂಚಿದರೆ ಸುಮಾರು 900ರಲ್ಲಿ 1. ಹಂಚುತ್ತಲೇ ಹೋಗಿ ಶಾಖೆಯೊಂದರ ಅನುಪಾತ ಸುಮಾರು 3ಕ್ಕಿಂತ ಕೆಳಗಿಳಿದರೆ ದೋಷ ಮತ್ತೆ ಏರುತ್ತದೆ. ಆಂಟೆನಾ ಸೇರಿಸಿದಾಗ ಹಾಗಾಗದು. ಅದು ಹೆಚ್ಚುವರಿ ಶಕ್ತಿಯನ್ನೇ ಹಿಡಿದು ತರುತ್ತದೆ.