ಲೂಟಿ ಮಾಡಿದವರು ಯಾರು?

ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ರಟ್ಟು ಹರಿದ ಇಂಗ್ಲಿಷ್ ನಿಘಂಟೊಂದನ್ನು ಕೊಂಡೆ. ನಮ್ಮ ಮನೆಗೆ ಕಾಲಿಟ್ಟ ಮೊದಲ ನಿಘಂಟು. 'ಲೂಟ್' ಎಂಬ ಕ್ರಿಯಾಪದಕ್ಕೆ ಅದರ ಅರ್ಥ: ಯುದ್ಧ, ದೊಂಬಿಗಳಲ್ಲಿ ದೋಚುವುದು. ಮೂಲ, ಹಿಂದಿ. ಓದಿ ಹೇಳಿದೆ. ಅಕ್ಷರ ಬಾರದ ಅವ್ವ ಕೇಳಿದಳು: "ಯಾರು ಲೂಟಿ ಮಾಡಿದ್ರು ಅಂತ ಬರ್ದವ್ರಾ?"

ಬರೆದಿಲ್ಲ. ನನ್ನ ತಕರಾರೂ ಅದೇ.

ಇದರ ಧಾತು ಸಂಸ್ಕೃತದ್ದು ಅಂತ ನಮ್ಮ ಪಂಡಿತರು ಹಿಗ್ಗುತ್ತಾರೆ. ಹಿಗ್ಗಲಿ. ಪದ ಎಲ್ಲಿ ಹುಟ್ಟಿತು ಅನ್ನೋದಕ್ಕಿಂತ ಯಾರ ಜೊತೆ ಹೊರಟಿತು ಅನ್ನೋದು ನನಗೆ ಮುಖ್ಯ. ಅದು ಇಂಗ್ಲಿಷಿಗೆ ಹೋದದ್ದು ಕಂಪನಿ ಸರ್ಕಾರದ ಕಾಲದಲ್ಲಿ. ಕ್ರಿಯಾಪದವಾಗಿ ಬೇರೂರಿದ್ದು 19ನೇ ಶತಮಾನದ ಮೊದಲರ್ಧದಲ್ಲಿ. 1886ರಲ್ಲಿ ಯೂಲ್ ಮತ್ತು ಬರ್ನೆಲ್ ತಮ್ಮ 'ಹಾಬ್ಸನ್-ಜಾಬ್ಸನ್' ನಿಘಂಟಿಗೂ ಅದನ್ನು ಸೇರಿಸಿಕೊಂಡರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆ ರಾತ್ರಿ ಸೈನಿಕರು ಮನೆಮನೆ ದೋಚಿದರು. ಮಾರನೇ ದಿನ ವೆಲ್ಲೆಸ್ಲಿ ಕೆಲವರನ್ನು ನೇಣಿಗೆ ಹಾಕಿಸಿ, ಕೆಲವರಿಗೆ ಛಡಿಯೇಟು ಕೊಡಿಸಿ ನಿಲ್ಲಿಸಿದ. ಆಮೇಲೆ ಟಿಪ್ಪುವಿನ ಖಜಾನೆಯನ್ನು ಲೆಕ್ಕ ಹಾಕಿ ದರ್ಜೆಯ ಪ್ರಕಾರ ಹಂಚಿಕೊಂಡರು. ದಂಡನಾಯಕ ಹ್ಯಾರಿಸನಿಗೆ 1,40,000 ಪೌಂಡಿಗೂ ಮೇಲೆ. ವೆಲ್ಲೆಸ್ಲಿಗೆ 4,000. ಸಿಪಾಯಿಗೆ ಬೆರಳಲ್ಲಿ ಎಣಿಸುವಷ್ಟು. ಇದರ ಹೆಸರು ಲೂಟಿಯಲ್ಲ, 'ಪ್ರೈಜ್'! ಓಟದಲ್ಲಿ ಗೆದ್ದ ಮಕ್ಕಳಿಗೆ ಶಾಲೆಯಲ್ಲಿ ಕೊಡ್ತಾರಲ್ಲ, ಆ ಮಾತಿಗೂ ಇದೇ ಅಕ್ಷರಗಳು. ನೇಣಿಗೆ ಬಿದ್ದವನು ಮಾಡಿದ್ದಕ್ಕೂ ಖಜಾನೆ ಹಂಚಿಕೊಂಡವನು ಮಾಡಿದ್ದಕ್ಕೂ ಏನು ವ್ಯತ್ಯಾಸ? ದರ್ಜೆ ಒಂದೇ.

ಅದೇ ಶ್ರೀರಂಗಪಟ್ಟಣದ ಪಡೆಯನ್ನು 1809ರಲ್ಲಿ ಬೆಂಗಳೂರಿಗೆ ತಂದು ಹಲಸೂರಿನ ಬಳಿ ದಂಡು ಕಟ್ಟಿದರು. ಅದರ ಬೆನ್ನಿಗೆ ಹೊರೆ ಹೊರಲು, ಕುದುರೆ ಕಾಯಲು, ಅಡಿಗೆ ಮಾಡಲು ತಮಿಳು ಸೀಮೆಯ ನಮ್ಮ ಜನ ಬಂದರು. ಅವರಲ್ಲಿ ಪರೆಯರೂ ಇದ್ದರು. ಪರೈ ಅಂದರೆ ತಮಟೆ. ಆ ಜಾತಿಯ ಹೆಸರನ್ನೂ ಇಂಗ್ಲಿಷ್ ಎತ್ತಿಕೊಂಡಿದೆ: 'ಪರಾಯ', ಅರ್ಥ ಬಹಿಷ್ಕೃತ. ಬೀದಿನಾಯಿಗೂ ಅದೇ ಹೆಸರು ಇಟ್ಟರು. 'ಕೂಲಿ'ಯೂ ಅಲ್ಲಿದೆ. ನಾವು ನಾಮಪದಗಳಾಗಿ ಹೋದೆವು. ದೋಚುವುದು ಕ್ರಿಯಾಪದವಾಯಿತು, ಕರ್ತೃ ಮಾತ್ರ ಕಾಣೆ. ಬಹಿಷ್ಕಾರ ಹಾಕಿದವರ ಹೆಸರೂ ಅಲ್ಲಿಲ್ಲ ಬಿಡಿ. ಅವರು ಬಿಳಿಯರಲ್ಲ, ನಮ್ಮ ಊರಿನವರೇ.

ಬಿಳಿಯರು ಹೋದರೂ ಪದಗಳ ಈ ಹಂಚಿಕೆ ಹೋಗಿಲ್ಲ. ಗಲಾಟೆಯಲ್ಲಿ ಹುಡುಗನೊಬ್ಬ ಅಂಗಡಿಯಿಂದ ಒಂದು ಜೊತೆ ಚಪ್ಪಲಿ ಎತ್ತಿದರೆ ಪತ್ರಿಕೆಗಳಲ್ಲಿ 'ಲೂಟಿ'. ಬೆಂಗಳೂರಿನ ಕೆರೆ ನುಂಗಿದರೆ 'ಒತ್ತುವರಿ'. ಸ್ವಲ್ಪ ಕಾಯಿರಿ, ದಂಡ ಕಟ್ಟಿಸಿಕೊಂಡು 'ಸಕ್ರಮ' ಅನ್ನುವ ಮಾತೂ ಬರುತ್ತೆ.

ಹ್ಯಾರಿಸನ ಪೌಂಡುಗಳ ಲೆಕ್ಕವನ್ನು ನಿಘಂಟಿನ ಆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ. ಅವ್ವನಿಗೆ ಓದಿ ಹೇಳಿದ್ದೂ ಆಯಿತು.